ಒದ್ದೆ ಚೀಲ: ಸೊಪ್ಪಿಗೆ ತಂಪು, ಶೇಂಗಾಕ್ಕೆ ಕೇಡು

ಬೇಸಿಗೆಯ ಸಂತೆ. ನಸುಕಿನಲ್ಲಿ ಕಿತ್ತು ತಂದ ಕೊತ್ತಂಬರಿ, ಮೆಂತ್ಯ, ಪುಂಡಿಸೊಪ್ಪು ಹನ್ನೊಂದರ ಹೊತ್ತಿಗೆ ಬಾಡುತ್ತವೆ. ಮಧ್ಯಾಹ್ನಕ್ಕೆ ಅರ್ಧ ಬೆಲೆ, ಸಂಜೆಗೆ ದನದ ಪಾಲು. ರಾಯದುರ್ಗ, ಆದೋನಿ, ಮಡಕಶಿರಾ ಸೀಮೆಯಲ್ಲಿ ಸೊಪ್ಪು ಮಾರುವ ತಾಯಂದಿರಿಗೆ ಈ ನಷ್ಟ ಹೊಸದಲ್ಲ. ಅದಕ್ಕೇ ಗೋಣಿಚೀಲ ನೆನೆಸಿ ಸೊಪ್ಪಿಗೆ ಹೊದಿಸುವುದು. ಈ ಹಳೆಯ ಉಪಾಯವನ್ನೇ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳು ಪರೀಕ್ಷೆಗೆ ಎತ್ತಿಕೊಳ್ಳುವುದುಂಟು: ಯಾವ ಬಟ್ಟೆಯ ಚೀಲ ಎಷ್ಟು ನೀರು ಹಿಡಿಯುತ್ತದೆ? ಎಷ್ಟು ಹೊತ್ತು ಉಳಿಸಿಕೊಳ್ಳುತ್ತದೆ?

ಪರೀಕ್ಷೆ ಹೇಗೆ?

ಇದಕ್ಕೆ ದೊಡ್ಡ ಯಂತ್ರ ಬೇಡ, ತಕ್ಕಡಿ ಮತ್ತು ಗಡಿಯಾರ ಸಾಕು. ಒಂದೇ ಅಳತೆಯ ಚೀಲಗಳನ್ನು ಒಗೆದು ಗಂಜಿ ತೆಗೆದು, ಚೆನ್ನಾಗಿ ಒಣಗಿಸಿ ತೂಗಬೇಕು. ಹತ್ತು ನಿಮಿಷ ನೀರಿನಲ್ಲಿ ಅದ್ದಿ, ಹನಿ ನಿಲ್ಲುವವರೆಗೆ ತೂಗುಹಾಕಿ, ಮತ್ತೆ ತೂಗಬೇಕು. ಒಣಗಿದಾಗ 100 ಗ್ರಾಂ ಇದ್ದದ್ದು 250 ಗ್ರಾಂ ಆದರೆ ಅದು 150 ಗ್ರಾಂ ನೀರು ಹಿಡಿಯಿತು ಎಂದರ್ಥ. ನಂತರ ಎಲ್ಲವನ್ನೂ ಒಂದೇ ನೆರಳಿನಲ್ಲಿ ಹಾಕಿ ಅರ್ಧ ಗಂಟೆಗೊಮ್ಮೆ ತೂಕ ಬರೆದಿಡಬೇಕು. ಒಂದು ಬಗೆಗೆ ಮೂರು ಚೀಲ ಇದ್ದರೆ ಲೆಕ್ಕ ನಂಬಬಹುದು.

ನೂಲಿನ ಗುಣವೂ ಮುಖ್ಯ. ಜವಳಿ ವ್ಯಾಪಾರದ ಲೆಕ್ಕದಂತೆ, ಒಣಗಿದ 100 ಗ್ರಾಂ ಸೆಣಬು ಗಾಳಿಯಿಂದಲೇ ಸುಮಾರು 13.75 ಗ್ರಾಂ ತೇವ ಹೀರುತ್ತದೆ, ಹತ್ತಿ 8.5 ಗ್ರಾಂ, ಪಾಲಿಯೆಸ್ಟರ್ ಬರೀ 0.4 ಗ್ರಾಂ. ಪ್ಲಾಸ್ಟಿಕ್ ನೂಲಿನ ಗೊಬ್ಬರದ ಚೀಲವಂತೂ ತೇವ ಹೀರುವುದೇ ಇಲ್ಲ ಎನ್ನಬಹುದು. ಅದನ್ನು ಆಹಾರಕ್ಕೆ ಬಳಸಲೂಬಾರದು.

ತಂಪು ಎಲ್ಲಿಂದ?

ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರಿಗೆ ಸುಮಾರು 580 ಕ್ಯಾಲೊರಿ ಬೇಕು. ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಹೀಗೆಯೇ. ಆದರೆ ಗಾಳಿ ಒಣಗಿರಬೇಕು. 40 ಡಿಗ್ರಿ ಬಿಸಿಲಿನ ದಿನ ಗಾಳಿಯ ತೇವ 20 ಶೇಕಡಾ ಇದ್ದರೆ ಒದ್ದೆ ಬಟ್ಟೆ ಹೆಚ್ಚೆಂದರೆ ಸುಮಾರು 22 ಡಿಗ್ರಿವರೆಗೆ ಇಳಿಯಬಲ್ಲದು. ಮಳೆಗಾಲದ 30 ಡಿಗ್ರಿಯಲ್ಲಿ ತೇವ 80 ಶೇಕಡಾ ಇದ್ದರೆ 27ರ ಕೆಳಗೆ ಇಳಿಯದು. ಅಮೆರಿಕದ ಎಂಐಟಿ ಸಂಸ್ಥೆಯ ಡಿ-ಲ್ಯಾಬ್ ಆಫ್ರಿಕಾದ ಮಾಲಿ ದೇಶದಲ್ಲಿ ಮಣ್ಣಿನ ಮಡಕೆ, ಇಟ್ಟಿಗೆಯ ತಂಪುಗೂಡುಗಳನ್ನು ಪರೀಕ್ಷಿಸಿ ಹೇಳಿದ್ದೂ ಇದನ್ನೇ: ಒಣ ಹವೆ, ನೆರಳು, ದಿನವೂ ನೀರು. ಈ ಮೂರೂ ಇದ್ದರೇ ಲಾಭ.

ಎಚ್ಚರ ಎಲ್ಲಿ?

ಸೊಪ್ಪಿಗೆ ಒಳ್ಳೆಯದಾದ ತೇವವೇ ಶೇಂಗಾಕ್ಕೆ ಶತ್ರು. ತೇವ ಸಿಕ್ಕ ಕಾಳಿನ ಮೇಲೆ ಆಸ್ಪರ್ಜಿಲಸ್ ಎಂಬ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಮೇಲೆ ಇದು ಬೆಳಕಿಗೆ ಬಂತು. ಈ ವಿಷ ಮನುಷ್ಯನ ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರಬಲ್ಲದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಸೊಪ್ಪಿನ ಚೀಲ ಬೇರೆ, ಕಾಳಿನ ಚೀಲ ಬೇರೆ ಇರಲಿ. ಶೇಂಗಾ ಕಾಯನ್ನು ಅಲ್ಲಾಡಿಸಿದಾಗ ಒಳಗೆ ಕಾಳು ಗಲಗಲ ಎನ್ನುವವರೆಗೆ ಒಣಗಿಸಿ. ಬಿಡಿಸಿದ ಕಾಳಿನಲ್ಲಿ ತೇವ 7 ಶೇಕಡಾ ಮೀರಬಾರದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಿ. ಬೂಸ್ಟು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಕಾಳನ್ನು ಆರಿಸಿ ಬಿಸಾಡಿ. ದನಕ್ಕೂ ಹಾಕಬೇಡಿ, ಏಕೆಂದರೆ ವಿಷ ಹಾಲಿನಲ್ಲಿಯೂ ಇಳಿಯುತ್ತದೆ.

ಸೊಪ್ಪಿನ ಚೀಲವನ್ನು ಕುಡಿಯುವ ನೀರಿನಲ್ಲೇ ನೆನೆಸಿ, ಪ್ರತಿದಿನ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ರಜೆಯಲ್ಲಿ ತಕ್ಕಡಿ ಕೊಟ್ಟು ಕೂರಿಸಿ. ಒಂದು ಸಿವುಡು ಸೊಪ್ಪು ಒದ್ದೆ ಚೀಲದಲ್ಲಿ, ಇನ್ನೊಂದು ಹೊರಗೆ. ಸಂಜೆಗೆ ಎರಡನ್ನೂ ತೂಗಿದರೆ ನಿಮ್ಮ ಊರಿನ ಗಾಳಿಗೆ ಯಾವ ಚೀಲ ತಕ್ಕದ್ದೆಂದು ಅವರೇ ಹೇಳುತ್ತಾರೆ.