ಮಗಳು ಸುದ್ದಿ ಮಾತಾಡಿದರೆ ಬಾಯಿ ಮುಚ್ಚಿಸಬೇಡಿ

ಕಾಲೇಜಿಗೆ ಹೋಗುವ ಮಗಳು ರಾತ್ರಿ ಊಟಕ್ಕೆ ಕುಳಿತಾಗ ಇದ್ದಕ್ಕಿದ್ದಂತೆ ‘ಅಮ್ಮಾ, ಹೆಂಗಸರಿಗೆಲ್ಲ ಬಸ್ ಫ್ರೀ ಅಂತಾರಲ್ಲ, ಮತ್ತೆ ನಾನ್ಯಾಕೆ ದಿನಾ ದುಡ್ಡು ಕೊಡ್ಬೇಕು?’ ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವ ಉತ್ತರ ಒಂದೇ. ‘ನಿನಗ್ಯಾಕೆ ಊರ ಉಸಾಬರಿ? ಮೊದಲು ಓದಿ ಪಾಸ್ ಮಾಡು.’ ನಮ್ಮ ಕುಂದಾಪುರದ ಕಡೆಯಾದರೆ ‘ನಿಂಗ್ ಎಂತಕೆ ಮಾರಾಯ್ತಿ ಅದೆಲ್ಲ?’ ಅಂದು ಇನ್ನೊಂದು ಸೌಟು ಸಾರು ಬಡಿಸಿಬಿಡುತ್ತೇವೆ. ಅಲ್ಲಿಗೆ ಮಾತು ಮುಗಿಯಿತು.

ಮುಗಿಯಿತು ಅಂತ ನಾವು ತಿಳಿಯುತ್ತೇವೆ, ಅಷ್ಟೆ. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಹುಟ್ಟಿದ ಪ್ರಶ್ನೆ ಸಾರಿನ ಜೊತೆ ಇಳಿದು ಹೋಗುವುದಿಲ್ಲ. ಮನೆಯಲ್ಲಿ ಉತ್ತರ ಸಿಗದಿದ್ದರೆ ಕೈಯಲ್ಲಿರುವ ಮೊಬೈಲ್ ಉತ್ತರ ಕೊಡುತ್ತದೆ. ಅದು ಸರಿಯೋ ತಪ್ಪೋ ನೋಡುವವರು ಯಾರು? ಹಾಗಾಗಿ ಮಕ್ಕಳು ದೇಶದ, ಊರಿನ ವಿಚಾರ ಮಾತಾಡಲು ಶುರು ಮಾಡಿದರೆ ಅದನ್ನು ಅಧಿಕಪ್ರಸಂಗ ಎನ್ನಬೇಡಿ. ಆ ಸುದ್ದಿ ಅವರ ದಿನನಿತ್ಯದ ಬದುಕಿನೊಳಗೇ ಇದೆ. ಹೇಗೆ ಅಂತೀರಾ?

ಬಸ್ಸಿನ ಕಿಟಕಿಯಿಂದ

ಗಂಗೊಳ್ಳಿಯ ಒಬ್ಬಳು ವಿದ್ಯಾರ್ಥಿನಿಯ ದಿನವನ್ನೇ ನೋಡಿ. ಪಿಯುಸಿವರೆಗೆ ಊರಲ್ಲೇ ಸರಸ್ವತಿ ವಿದ್ಯಾಲಯವಿದೆ, ನಡೆದುಕೊಂಡು ಹೋಗಬಹುದು. ಡಿಗ್ರಿಗೆ ಕುಂದಾಪುರ ಸೇರಿದರೆ, ಅದು 1963ರಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಾಲೇಜಿರಲಿ ಬೇರೆ ಕಾಲೇಜಿರಲಿ, ಬಸ್ಸೇ ಗತಿ. ಬೆಳಿಗ್ಗೆ ಎದ್ದು, ಅರ್ಧ ದೋಸೆ ತಿಂದು, ಬಾಕ್ಸಿಗೆ ಅನ್ನ ಹಾಕಿಸಿಕೊಂಡು ಓಡಬೇಕು. ನದಿ ದಂಡೆಗೆ ಬಂದು ನಿಂತರೆ ಆಚೆ ಕುಂದಾಪುರ ಕಣ್ಣಿಗೇ ಕಾಣುತ್ತದೆ. ನಡುವೆ ಪಂಚಗಂಗಾವಳಿ. ಐದು ಹೊಳೆ ಸೇರಿ ಸಮುದ್ರಕ್ಕೆ ಹೋಗುವ ಜಾಗ ಅದು. ಹಿಂದಿನವರು ದೋಣಿಯಲ್ಲಿ ದಾಟುತ್ತಿದ್ದರು. ಬಸ್ಸಾದರೆ ತ್ರಾಸಿಗೆ ಹೋಗಿ, ಹೆದ್ದಾರಿ ಹಿಡಿದು, ಹೆಮ್ಮಾಡಿ, ಸಂಗಮ್ ಎಂದು ಸುತ್ತಿಕೊಂಡು ಹೋಗಬೇಕು. ಗಂಗೊಳ್ಳಿಗೂ ಕುಂದಾಪುರಕ್ಕೂ ನೇರ ಸೇತುವೆ ಬೇಕು ಎನ್ನುವುದು ಬಹಳ ಹಳೆಯ ಬೇಡಿಕೆ. ಚುನಾವಣೆ ಬಂದಾಗ ಸೇತುವೆಯ ಮಾತು ಮೇಲೇಳುತ್ತದೆ. ದಿನಾ ಬಸ್ಸಿನಲ್ಲಿ ಜೋತುಬೀಳುವ ಹುಡುಗಿಗೆ ಅದು ರಾಜಕೀಯ ಅಲ್ಲ, ಮೊದಲ ಪೀರಿಯಡ್ಡಿನ ಹಾಜರಿ.

ಬಸ್ಸಿನ ಪ್ರಶ್ನೆಯೂ ಹಾಗೆಯೇ. ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದು ಸರ್ಕಾರಿ ಸಾರಿಗೆ ಸಂಸ್ಥೆಗಳ ಬಸ್ಸಿಗೆ ಮಾತ್ರ. ನಮ್ಮ ಕರಾವಳಿಯಲ್ಲಿ ಮೊದಲಿಂದಲೂ ಖಾಸಗಿ ಬಸ್ಸುಗಳದ್ದೇ ಪಾರುಪತ್ಯ. ಹಾಗಾಗಿ ಮೈಸೂರಿನ, ಹಾಸನದ ಹುಡುಗಿಯರಿಗೆ ಸಿಕ್ಕಷ್ಟು ಸುಲಭವಾಗಿ ಈ ಸೌಲಭ್ಯ ನಮ್ಮ ಮಕ್ಕಳಿಗೆ ಸಿಗಲಿಲ್ಲ. ಇಷ್ಟು ವಿವರಿಸಿದರೆ ಮಗಳ ಮುಂದಿನ ಪ್ರಶ್ನೆ ಬರುತ್ತದೆ. ‘ಹಾಗಾದ್ರೆ ನಮ್ಮ ರೂಟಿಗೆ ಸರ್ಕಾರಿ ಬಸ್ ಹಾಕಿ ಅಂತ ಕೇಳೋದು ಯಾರ ಹತ್ರ?’ ನೋಡಿ, ಗೊಣಗಾಟದಿಂದ ಶುರುವಾದದ್ದು ಅರ್ಜಿ ಬರೆಯುವ ಯೋಚನೆಗೆ ಬಂತು. ಎರಡು ನಿಮಿಷದ ಮಾತು, ಆದರೆ ಅವಳು ಕಲಿತದ್ದು ಎಷ್ಟು!

ಒಲೆಗೂ ಉಂಟು ಸಂಬಂಧ

ಬಂದರಿನ ಊರಿನ ಮಕ್ಕಳಿಗೆ ಸುದ್ದಿ ಮನೆಯ ಒಲೆಯವರೆಗೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ನಿಯಮ ಸರಿಯೇ. ಆದರೆ ಕಾಲೇಜಿನ ಫೀಸು, ಪುಸ್ತಕ, ಯೂನಿಫಾರ್ಮ್ ಎಂದು ಖರ್ಚು ಬರುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಬೋಟಿಗೆ ಹೋಗುವ ಅಪ್ಪನ ಕೈ ಖಾಲಿ ಇರುವಾಗ ಮಗಳ ಅಡ್ಮಿಶನ್. ನಿಷೇಧದ ದಿನಗಳ ಪರಿಹಾರ, ಸೀಮೆಎಣ್ಣೆ, ಡೀಸೆಲ್ ಸಬ್ಸಿಡಿ ಇವೆಲ್ಲ ಪೇಪರಿನಲ್ಲಿ ಸಣ್ಣ ಸುದ್ದಿ ಇರಬಹುದು. ಆ ಮನೆಯ ಹುಡುಗಿಗೆ ಅದೇ ದೊಡ್ಡ ಸುದ್ದಿ.

ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು 2018ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರ ಸಮೇತ ಕಾಣೆಯಾದಾಗ ಇಡೀ ಕರಾವಳಿ ತಿಂಗಳುಗಟ್ಟಲೆ ಕಾದಿತ್ತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲಲ್ಲಿ ಸಿಕ್ಕಿದ್ದು ತಿಳಿದದ್ದು 2019ರ ಮೇ ತಿಂಗಳಲ್ಲಿ. 2023ರ ನವೆಂಬರಿನಲ್ಲಿ, ದೀಪಾವಳಿಯ ಸಮಯದಲ್ಲೇ, ಗಂಗೊಳ್ಳಿ ಬಂದರಿನಲ್ಲಿ ಬೆಂಕಿ ಬಿದ್ದು ದಡದಲ್ಲಿಟ್ಟ ಬೋಟುಗಳು ಸುಟ್ಟುಹೋದವು. ಇಂಥ ಹೊತ್ತಿನಲ್ಲಿ ಮಕ್ಕಳು ‘ಬೋಟಿಗೆ ಇನ್ಶೂರೆನ್ಸ್ ಇರ್ತದಾ? ಬಂದರಿನಲ್ಲಿ ಅಗ್ನಿಶಾಮಕದವರು ಯಾಕಿಲ್ಲ?’ ಎಂದು ಕೇಳಿದರೆ ಅದು ಕುತೂಹಲ ಮಾತ್ರವಲ್ಲ, ಭಯ ಕೂಡ. ಆ ಭಯಕ್ಕೆ ಮಾತಾಡಲು ಒಂದು ಜಾಗ ಬೇಕು. ಆ ಜಾಗ ಮನೆ ಅಲ್ವಾ?

ಓದಿನ ಲೆಕ್ಕವೇ ಬದಲಾದಾಗ

ಪೇಟೆಯಲ್ಲಿರುವ ನಮಗೆ ಬಂದರಿನ ಚಿಂತೆ ಇಲ್ಲದಿರಬಹುದು. ಆದರೆ ಓದಿನ ಚಿಂತೆ ಎಲ್ಲರದು. 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೇ ಮರಳಿತು. ಅಕ್ಕ ಓದಿದ ಪದ್ಧತಿ ಬೇರೆ, ತಂಗಿಯದು ಬೇರೆ. 2024ರ ನೀಟ್ ಪರೀಕ್ಷೆಯಲ್ಲಿ 1,563 ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕ ರದ್ದಾಗಿ, ಅವರಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟರು. ಡಾಕ್ಟರ್ ಆಗುವ ಕನಸಿಟ್ಟ ಎಷ್ಟು ಮನೆಗಳಲ್ಲಿ ಆ ವಾರ ನಿದ್ದೆ ಇರಲಿಲ್ಲ!

ಮದುವೆಯ ವಯಸ್ಸನ್ನು ಹುಡುಗಿಯರಿಗೂ 21 ಮಾಡುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಪಾಸಾಗದೆ, 2024ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯಿತು. ಈ ವಿಷಯದಲ್ಲಿ ಮಗಳ ಅಭಿಪ್ರಾಯ ಏನು ಎಂದು ನೀವು ಎಂದಾದರೂ ಕೇಳಿದ್ದೀರಾ? ಕೇಳಿ ನೋಡಿ. ಅವಳ ಓದು, ಕೆಲಸ, ಮುಂದಿನ ಬದುಕಿನ ಬಗ್ಗೆ ನೀವು ಊಹಿಸದ ನಾಲ್ಕು ಮಾತು ಸಿಗುತ್ತದೆ.

ಗೆಳತಿಯ ನಡುವೆ ಗೇಟು ಬಂದರೆ

ಸುದ್ದಿ ಎಂದರೆ ಬರೀ ಬಸ್ಸು, ಫೀಸು ಅಲ್ಲ. ಮನಸ್ಸು ಮುರಿಯುವ ಸುದ್ದಿಗಳೂ ಬರುತ್ತವೆ. 2022ರ ಫೆಬ್ರವರಿ ನೆನಪಿದೆಯಲ್ಲ? ಉಡುಪಿಯ ಒಂದು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ ಕುಂದಾಪುರಕ್ಕೂ ಬಂತು. ಹಿಜಾಬ್ ಹಾಕಿದ ಹುಡುಗಿಯರು ಕಾಲೇಜು ಗೇಟಿನ ಹೊರಗೆ ನಿಂತರು, ಕೇಸರಿ ಶಾಲು ಹಾಕಿದ ವಿದ್ಯಾರ್ಥಿಗಳೂ ಬಂದರು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಗಲಾಟೆ ಹೆಚ್ಚಾಗಿ ರಾಜ್ಯದಲ್ಲಿ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟರು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು, ವಿಷಯ ದೊಡ್ಡ ಪೀಠಕ್ಕೆ ಹೋಗಲಿ ಎಂದರು.

ಯಾರು ಸರಿ, ಯಾರು ತಪ್ಪು ಎನ್ನುವುದನ್ನು ಇಲ್ಲಿ ತೀರ್ಮಾನ ಮಾಡಲು ಹೊರಟಿಲ್ಲ. ದೇಶದ ದೊಡ್ಡ ಕೋರ್ಟಿನ ನ್ಯಾಯಮೂರ್ತಿಗಳಿಗೇ ಒಮ್ಮತ ಬರಲಿಲ್ಲ ಎಂದ ಮೇಲೆ ಒಂದೇ ಮನೆಯೊಳಗೆ ಎರಡು ಅಭಿಪ್ರಾಯ ಇದ್ದರೆ ಆಶ್ಚರ್ಯವೇನು? ಅಮ್ಮಂದಿರಾದ ನಾವು ನೋಡಬೇಕಾದದ್ದು ಬೇರೆ. ಆ ದಿನಗಳಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ, ಒಂದೇ ಬಾಕ್ಸಿನಿಂದ ತಿನ್ನುತ್ತಿದ್ದ ಹುಡುಗಿಯರ ನಡುವೆ ಏನಾಯಿತು? ನೋಟ್ಸ್ ಕೊಡುವುದು ನಿಂತಿತೇ? ವಾಟ್ಸಾಪ್ ಗುಂಪಿನಿಂದ ಯಾರಾದರೂ ಹೊರಬಿದ್ದರೇ? ಗಂಗೊಳ್ಳಿಯಂಥ ಊರಿನಲ್ಲಿ ಕುಂದಗನ್ನಡ, ಕೊಂಕಣಿ, ಉರ್ದು ಎಲ್ಲ ಒಂದೇ ಮೀನು ಪೇಟೆಯಲ್ಲಿ ಕೇಳುತ್ತವೆ. ದೇವಸ್ಥಾನ, ಇಗರ್ಜಿ, ಮಸೀದಿ ಎಲ್ಲವೂ ಹತ್ತಿರ ಹತ್ತಿರ. ಅಲ್ಲಿ ಮಾತು ಬಿಟ್ಟರೆ ದಿನ ಬೆಳಗಾದರೆ ಮತ್ತೆ ಅದೇ ಮುಖ ನೋಡಬೇಕು.

ಹೀಗಿರುವಾಗ ಮಗಳು ಮನೆಗೆ ಬಂದು ಆ ವಿಷಯ ಎತ್ತಿದರೆ ‘ಅವರ ಜೊತೆ ಸೇರಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ‘ನಿನ್ನ ಗೆಳತಿ ಏನು ಹೇಳ್ತಾಳೆ? ನೀನು ಅವಳ ಜಾಗದಲ್ಲಿದ್ದರೆ?’ ಎಂದು ಕೇಳಿ. ಅಭಿಪ್ರಾಯ ಬೇರೆ ಇದ್ದರೂ ಸ್ನೇಹ ಇಟ್ಟುಕೊಳ್ಳಬಹುದು ಎನ್ನುವುದನ್ನು ಯಾವ ಸಿಲೆಬಸ್ಸಿನಲ್ಲೂ ಕಲಿಸುವುದಿಲ್ಲ. ಅದನ್ನು ಮನೆಯಲ್ಲೇ ಕಲಿಯಬೇಕು.

ಫಾರ್ವರ್ಡ್ ಮಾಡುವ ಮುಂಚೆ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಒಬ್ಬ ಯುವಕ ಬಲಿಯಾದ. ಅವನೂ ಅವನ ಸಂಗಡಿಗರೂ ಮಾಡಿದ್ದು ಇಷ್ಟೇ, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಟ್ಟಿಗೆ ಕಳಿಸದಂತೆ ಮಿತಿ ಹಾಕಲು ಹೊರಟರು. ಆ ವದಂತಿಯನ್ನು ಮುಂದೆ ಕಳಿಸಿದವರಲ್ಲಿ ಹೆಚ್ಚಿನವರು ‘ಮಕ್ಕಳ ಒಳ್ಳೇದಕ್ಕೆ’ ಎಂದುಕೊಂಡೇ ಕಳಿಸಿರಬೇಕು. ನಾವೂ ಅಡುಗೆ ಗುಂಪಿಗೆ, ಸಂಬಂಧಿಕರ ಗುಂಪಿಗೆ ಹಾಗೇ ಕಳಿಸುತ್ತೇವಲ್ಲ!

ಕಾನೂನೂ ಬಿಗಿಯಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಪ್ರಕಾರ ಧರ್ಮ, ಭಾಷೆ, ಜಾತಿಯ ಹೆಸರಲ್ಲಿ ದ್ವೇಷ ಹುಟ್ಟಿಸುವುದಕ್ಕೆ ಮೂರು ವರ್ಷದವರೆಗೂ ಶಿಕ್ಷೆ ಇದೆ. ಮೊಬೈಲಿನಲ್ಲಿ ಹರಡಿದರೂ ಅಷ್ಟೇ. ಕರಾವಳಿಯ ಮಕ್ಕಳು ನಾಳೆ ಗಲ್ಫಿಗೋ ಬೆಂಗಳೂರಿಗೋ ಹೋಗುವವರು. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಇರುತ್ತದೆ. ಸಿಟ್ಟಿನಲ್ಲಿ ಒತ್ತಿದ ಒಂದು ಬಟನ್ ಮುಂದೆ ಎಷ್ಟು ತೊಂದರೆ ಕೊಡಬಹುದು ಎಂದು ಮಗನಿಗೂ ಮಗಳಿಗೂ ಸಮಾಧಾನದಿಂದ ತಿಳಿಸಿ.

ಹದಿನೆಂಟು ತುಂಬಿತೇ?

ಇನ್ನೊಂದು ಮಾತು. ಮದುವೆಯ ಲೆಕ್ಕ ಹಾಕುವ ಹದಿನೆಂಟೇ ಓಟಿನ ವಯಸ್ಸೂ ಹೌದು. ಮೊದಲು 21 ಇತ್ತು, ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಮತದಾರರ ಪಟ್ಟಿಗೆ ಸೇರಲು ನಮೂನೆ 6 ತುಂಬಬೇಕು. 2022ರ ಬದಲಾವಣೆಯಂತೆ ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖು ಲೆಕ್ಕದ ದಿನಗಳು.

ಒಂದು ತಮಾಷೆ ಗೊತ್ತೇ? ಗಂಗೊಳ್ಳಿ ಇರುವುದು ಉಡುಪಿ ಜಿಲ್ಲೆಯಲ್ಲಿ. ಆದರೆ ಬೈಂದೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದರಿಂದ ಅಲ್ಲಿಯವರು ಲೋಕಸಭೆಗೆ ಓಟು ಹಾಕುವುದು ಘಟ್ಟದ ಮೇಲಿನ ಶಿವಮೊಗ್ಗ ಕ್ಷೇತ್ರಕ್ಕೆ! ಮೊದಲ ಸಲ ಓಟು ಹಾಕುವ ಎಷ್ಟು ಮಕ್ಕಳಿಗೆ ಇದು ಗೊತ್ತು? ನಿಮ್ಮ ಮನೆ ಯಾವ ಕ್ಷೇತ್ರದಲ್ಲಿದೆ, ಎಂಎಲ್‌ಎ ಯಾರು, ಎಂಪಿ ಯಾರು ಎಂದು ಇವತ್ತೇ ಊಟದ ಹೊತ್ತಿಗೆ ಕೇಳಿ ನೋಡಿ. ಮಕ್ಕಳು ತಪ್ಪು ಹೇಳಿದರೆ ನಗಬೇಡಿ, ನಾವು ಸರಿ ಹೇಳುತ್ತೇವಾ ಎಂದೂ ನೋಡಿಕೊಳ್ಳಿ.

‘ಸುದ್ದಿ ಹಿಂದೆ ಬಿದ್ದರೆ ಓದು ಹಾಳಾಗ್ತದೆ’ ಎನ್ನುವ ಭಯ ನಿಮಗಿರಬಹುದು. ದಿನವಿಡೀ ಮೊಬೈಲ್ ಹಿಡಿದು ಕೂತರೆ ಖಂಡಿತ ಹಾಳು. ಆದರೆ ಹದಿನೈದು ನಿಮಿಷ ಪೇಪರ್ ಓದಿದರೆ ಲಾಭವೇ. ಕೆಪಿಎಸ್‌ಸಿ ಇರಲಿ, ಬ್ಯಾಂಕ್ ಪರೀಕ್ಷೆ ಇರಲಿ, ಪ್ರಚಲಿತ ವಿದ್ಯಮಾನದ ಪ್ರಶ್ನೆ ಇದ್ದೇ ಇರುತ್ತದೆ.

ಅಮ್ಮಂದಿರಿಗೆ ಕಿವಿಮಾತು

* ದಿನಕ್ಕೆ ಹತ್ತು ನಿಮಿಷ ಸಾಕು. ಊಟದ ಹೊತ್ತಿಗೆ ಟಿವಿ ಬಂದ್ ಮಾಡಿ, ‘ಇವತ್ತು ಪೇಪರಿನಲ್ಲಿ ಏನಿತ್ತು?’ ಎಂದು ಕೇಳಿ.

* ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಅರ್ಧದಲ್ಲೇ ಉಪದೇಶ ಶುರು ಮಾಡಿದರೆ ನಾಳೆಯಿಂದ ಅವಳು ಹೇಳುವುದೇ ಇಲ್ಲ.

* ಮೂರು ಪ್ರಶ್ನೆ ರೂಢಿ ಮಾಡಿ. ಇದನ್ನು ಹೇಳಿದವರು ಯಾರು? ಇದು ಯಾವಾಗಿನದು? ಬೇರೆ ಪೇಪರಿನಲ್ಲೂ ಬಂದಿದೆಯಾ? ಹಳೇ ಫೋಟೋ ಹಾಕಿ ಹೊಸ ಸುದ್ದಿ ಮಾಡುವುದು ಬಹಳ. ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹುಡುಕುವುದನ್ನು ಮಗಳಿಂದಲೇ ಕಲಿಯಿರಿ.

* ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ನೀನೇ ನೋಡಿ ಹೇಳು’ ಅನ್ನಿ. ಇದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

* ಅಪ್ಪನೋ ಅಜ್ಜನೋ ‘ಹೆಣ್ಮಕ್ಕಳಿಗೆ ರಾಜಕೀಯ ಯಾಕೆ’ ಎಂದು ಗದರಿದರೆ ನೀವು ಸುಮ್ಮನಿರಬೇಡಿ. ಗ್ರಾಮ ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೇ ಮೀಸಲು ಎಂದು ನಗುತ್ತಲೇ ನೆನಪಿಸಿ.

* ಸಿಟ್ಟು ಬರಿಸುವ ಸಂದೇಶ ಬಂದರೆ ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆಗೂ ಅದು ನಿಜ ಅನಿಸಿದರೆ ಆಮೇಲೆ ನೋಡೋಣ. ಈ ನಿಯಮ ಮಕ್ಕಳಿಗೆ ಮಾತ್ರವಲ್ಲ, ನಮಗೂ.

* ಗಂಡು ಮಕ್ಕಳಿದ್ದರೆ ಅವರ ಜೊತೆಗೂ ಇದೇ ಮಾತು ಆಡಿ. ಬೀದಿಯ ಗುಂಪು ಅವರನ್ನು ಬೇಗ ಕರೆಯುತ್ತದೆ. ಮನೆಯೂ ಕರೆಯುತ್ತಿರಬೇಕು.

ಮಕ್ಕಳ ಅಭಿಪ್ರಾಯ ನಮ್ಮ ಅಭಿಪ್ರಾಯದ ಹಾಗೆಯೇ ಇರಬೇಕೆಂದಿಲ್ಲ. ಇಂದು ಒಂದು ಹೇಳಿ ನಾಳೆ ಇನ್ನೊಂದು ಹೇಳಬಹುದು, ಅದು ಆ ವಯಸ್ಸಿನ ಗುಣ. ಯೋಚನೆ ಮಾಡಿ ಹೇಳುತ್ತಿದ್ದಾರಾ, ಎದುರಿನವರ ಮಾತು ಕೇಳುತ್ತಿದ್ದಾರಾ ಎನ್ನುವುದು ಮುಖ್ಯ. ಅಷ್ಟು ಕಲಿತ ಮಕ್ಕಳನ್ನು ಯಾವ ಊರಿಗೆ ಕಳಿಸಿದರೂ ನೀವು ನೆಮ್ಮದಿಯಾಗಿ ನಿದ್ದೆ ಮಾಡಬಹುದು.