ಪೋಸ್ಟ್ ಆಫೀಸಿನಿಂದ ಡಾನ್ಸ್ ಕ್ಲಾಸಿಗೆ

ಇಂಟರ್ನಲ್ಸ್‌ಗೆ ಎರಡು ದಿನ ಬಾಕಿ ಇತ್ತು. ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಪುಸ್ತಕ ಮಡಿಲಲ್ಲಿ, ಮೊಬೈಲ್ ಕೈಯಲ್ಲಿ. ಎರಡರಲ್ಲಿ ಯಾವುದನ್ನು ಓದುತ್ತಿದ್ದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆಗ ಕಣ್ಣಿಗೆ ಬಿದ್ದದ್ದು 1941ರ ‘ಹೆಲ್ಜಪಾಪಿನ್’ ಸಿನಿಮಾದ ಒಂದು ಕಪ್ಪು-ಬಿಳುಪು ತುಣುಕು. ಅಡುಗೆಯವರ, ಕೆಲಸದವರ ವೇಷದಲ್ಲಿದ್ದ ಕಪ್ಪು ಜನಾಂಗದ ನಾಲ್ಕು ಜೋಡಿಗಳು ಒಬ್ಬರನ್ನೊಬ್ಬರು ಎತ್ತಿ ಎಸೆದು, ಹಿಡಿದು, ಮತ್ತೆ ಎಸೆದು ಕುಣಿಯುತ್ತಿದ್ದರು. ‘ಸ್ಪೀಡ್ ಜಾಸ್ತಿ ಮಾಡಿದ್ದಾರೆ ಕಣೋ’ ಅಂದ ರೂಮ್‌ಮೇಟ್. ನನಗೂ ಹಾಗೇ ಅನ್ನಿಸಿತ್ತು. ಅದು ‘ಲಿಂಡಿ ಹಾಪ್’ ಎಂಬ ಸ್ವಿಂಗ್ ನೃತ್ಯ. ಅವರಲ್ಲಿ ಓವರಾಲ್ಸ್ ತೊಟ್ಟು ಕುಣಿಯುವವರೇ ಆ ನೃತ್ಯ ಸಂಯೋಜಿಸಿದ ಫ್ರಾಂಕಿ ಮ್ಯಾನಿಂಗ್.

ಫ್ರಾಂಕಿ ಹುಟ್ಟಿದ್ದು 1914ರ ಮೇ 26ರಂದು, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅಮ್ಮನಿಗೆ ಡಾನ್ಸ್ ಅಂದರೆ ಪ್ರಾಣ. ಆದರೆ ಮಗ ಕುಣಿಯುವುದನ್ನು ನೋಡಿ, ಮೈ ಬಿಗಿ ಮಾಡ್ಕೋತೀಯ, ನಿನಗಿದು ಒಗ್ಗಲ್ಲ ಅಂದುಬಿಟ್ಟಳಂತೆ. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಪೊರಕೆ, ಕುರ್ಚಿಗಳನ್ನೇ ಜೋಡಿ ಮಾಡಿಕೊಂಡು ಕುಣಿದ. ಇದನ್ನು ಓದಿದಾಗ ನನಗೆ ನಮ್ಮ ಕಾಲೇಜ್ ಫೆಸ್ಟಿನ ಆಡಿಷನ್ ನೆನಪಾಯಿತು. ಸೀನಿಯರ್ ಒಬ್ಬರು ಎಲ್ಲರ ಮುಂದೆ ನನ್ನನ್ನು ‘ಲೈಟ್ ಕಂಬ’ ಅಂದಿದ್ದರು. ನಾನು ಪೊರಕೆ ಹಿಡಿಯಲಿಲ್ಲ, ಅವತ್ತೇ ಡಾನ್ಸ್ ಬಿಟ್ಟೆ.

ಫ್ರಾಂಕಿ ಬಿಡಲಿಲ್ಲ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ ಸೇರಿಕೊಂಡ. ಬೇರೆಲ್ಲ ಕಡೆ ಕರಿಯರು, ಬಿಳಿಯರು ಬೇರೆ ಬೇರೆ ಕೂರುತ್ತಿದ್ದ ಕಾಲದಲ್ಲಿ ಅಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. 1935ರಲ್ಲಿ ಅಲ್ಲೊಂದು ಸ್ಪರ್ಧೆ. ಫ್ರಾಂಕಿ ಮತ್ತು ಜೋಡಿ ಫ್ರೀಡಾ ವಾಷಿಂಗ್ಟನ್ ಮೊದಲೇ ಹಾಸಿಗೆ ಹಾಸಿಕೊಂಡು, ಬಿದ್ದು ಎದ್ದು ಒಂದು ಹೊಸ ಪಟ್ಟು ಕಲಿತಿದ್ದರು. ಬೆನ್ನಿಗೆ ಬೆನ್ನು ಕೊಟ್ಟು, ಅವಳನ್ನು ತನ್ನ ಮೇಲಿಂದ ಉರುಳಿಸಿ, ತಾಳ ತಪ್ಪದಂತೆ ಮುಂದೆ ಇಳಿಸುವುದು. ಲಿಂಡಿ ಹಾಪ್‌ನಲ್ಲಿ ಗಾಳಿಯಲ್ಲಿ ಹಾರುವ ಹೆಜ್ಜೆಗಳು ಶುರುವಾದದ್ದೇ ಅಲ್ಲಿಂದ ಅನ್ನುತ್ತಾರೆ.

ಆಮೇಲೆ ತಂಡ, ತಿರುಗಾಟ, ಸಿನಿಮಾ, ಯುದ್ಧದ ಹೊತ್ತಿಗೆ ಸೇನೆಯ ಕೆಲಸ. ವಾಪಸ್ ಬಂದು ಸ್ವಂತ ತಂಡ ಕಟ್ಟಿದರೂ ಜನರ ಕಿವಿ ಬದಲಾಗಿತ್ತು. ದೊಡ್ಡ ಬ್ಯಾಂಡ್‌ಗಳ ಕಾಲ ಮುಗಿದಿತ್ತು. 1955ರ ಹೊತ್ತಿಗೆ ತಂಡ ಚದುರಿತು. ಫ್ರಾಂಕಿ ಅಂಚೆ ಇಲಾಖೆಯ ಕೆಲಸಕ್ಕೆ ಸೇರಿದರು. 1958ರಲ್ಲಿ ಸವಾಯ್ ಕೂಡ ಮುಚ್ಚಿತು.

ಹಾಗೆ ಮೂವತ್ತು ವರ್ಷ! ಹಾಲಿವುಡ್ ಸಿನಿಮಾದಲ್ಲಿ ಕುಣಿದ ಮನುಷ್ಯ ಕಾಗದ ವಿಂಗಡಿಸುತ್ತಾ, ಸಂಸಾರ ನಡೆಸುತ್ತಾ ಇದ್ದರು. ಇಲ್ಲಿಗೆ ಬಂದಾಗ ನಾನು ಮೊಬೈಲ್ ಕೆಳಗಿಟ್ಟೆ. ನಮ್ಮಪ್ಪ ಲೈನ್‌ಮನ್. ನಾನು ಹುಟ್ಟುವ ಮುಂಚೆ ಊರಿನ ಡೊಳ್ಳು ತಂಡದಲ್ಲಿ ಮುಂದಿನ ಸಾಲಿನಲ್ಲಿದ್ದವನಂತೆ. ನಾನು ನೋಡಿದ್ದು ಅಟ್ಟದ ಮೇಲೆ ಗೋಣಿಚೀಲ ಸುತ್ತಿಟ್ಟ ಡೊಳ್ಳನ್ನು ಮಾತ್ರ.

1986ರಲ್ಲಿ ಕ್ಯಾಲಿಫೋರ್ನಿಯಾದ ಎರಿನ್ ಸ್ಟೀವನ್ಸ್ ಮತ್ತು ಸ್ಟೀವನ್ ಮಿಚೆಲ್ ಎಂಬ ಯುವ ನರ್ತಕರು ಫ್ರಾಂಕಿಯನ್ನು ಹುಡುಕಿ ಫೋನ್ ಮಾಡಿದರು. ಡಾನ್ಸರ್ ಫ್ರಾಂಕಿನಾ ಅಂತ ಕೇಳಿದರೆ, ಅಲ್ಲ, ನಾನು ಪೋಸ್ಟ್ ಆಫೀಸಿನವನು ಅಂದರಂತೆ. ಅವರು ಬೆನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಮೇಷ್ಟ್ರಾದರು. 1989ರಲ್ಲಿ ‘ಬ್ಲ್ಯಾಕ್ ಅಂಡ್ ಬ್ಲೂ’ ಬ್ರಾಡ್‌ವೇ ಪ್ರದರ್ಶನದ ನೃತ್ಯ ಸಂಯೋಜನೆಗೆ ಇತರರ ಜೊತೆ ಟೋನಿ ಪ್ರಶಸ್ತಿಯೂ ಬಂತು. ಸ್ವೀಡನ್ನಿನ ಹೆರೆಂಗ್ ಎಂಬ ಹಳ್ಳಿಯ ಶಿಬಿರಕ್ಕೆ ಎಲ್ಲೆಲ್ಲಿಂದಲೋ ಬಂದ ಹುಡುಗ-ಹುಡುಗಿಯರಿಗೆ ಹೇಳಿಕೊಟ್ಟರು.

ನನಗೆ ಪ್ರಶಸ್ತಿಗಿಂತ ಇಷ್ಟವಾದದ್ದು ಅವರ ಪಾಠದ ರೀತಿ. ಒಂದು, ಎರಡು ಅಂತ ಲೆಕ್ಕ ಹಾಕುವುದಕ್ಕಿಂತ ಬಾಯಲ್ಲೇ ತಾಳ ಹಾಡಿ ಹೆಜ್ಜೆ ತೋರಿಸುವುದು ಅವರಿಗೆ ಸಲೀಸು. ಕುಣಿಯುವ ಮೊದಲು ಜೋಡಿಗೆ ಬಾಗಿ ನಮಸ್ಕರಿಸಬೇಕು, ಆಕೆಯನ್ನು ರಾಣಿಯಂತೆ ನೋಡಬೇಕು. ಪಟ್ಟು ಎಷ್ಟೇ ಬರಲಿ, ಎದುರಿಗಿರುವವರನ್ನು ಮರೆತು ಕುಣಿದರೆ ಮೇಷ್ಟ್ರಿಗೆ ಒಪ್ಪಿಗೆಯಿಲ್ಲ. (ಫೆಸ್ಟ್‌ಗಳಲ್ಲಿ ಬರೀ ಪಲ್ಟಿಗೆ ಶಿಳ್ಳೆ ಹೊಡೆಯುವ ನಾವು ಇದನ್ನೊಮ್ಮೆ ಕೇಳಿಸಿಕೊಳ್ಳಬೇಕು.) ಎಂಬತ್ತನೇ ಹುಟ್ಟುಹಬ್ಬಕ್ಕೆ ಎಂಬತ್ತು ಜನ ಮಹಿಳೆಯರ ಜೊತೆ ಕುಣಿದರು. ಆಮೇಲೂ ವಯಸ್ಸು ಎಷ್ಟೋ ಅಷ್ಟು ಜೊತೆಗಾರ್ತಿಯರು. ಮಂಡಿ ನೋವು ಅನ್ನುವ ನಮ್ಮ ಪಿ.ಟಿ. ಮೇಷ್ಟ್ರು ಇದನ್ನು ನಂಬಲೇ ಇಲ್ಲ. 2009ರ ಏಪ್ರಿಲ್ 27ರಂದು ಫ್ರಾಂಕಿ ತೀರಿಕೊಂಡರು. ತೊಂಬತ್ತೈದು ತುಂಬಲು ಒಂದೇ ತಿಂಗಳಿತ್ತು.

ಇಂಟರ್ನಲ್ಸ್ ಹೇಗೋ ಆಯಿತು, ಅದನ್ನು ಕೇಳಬೇಡಿ. ದಸರಾ ರಜೆಗೆ ಊರಿಗೆ ಹೋದವನು ಅಪ್ಪನನ್ನು ಕೇಳಿಯೇಬಿಟ್ಟೆ, ‘ಡೊಳ್ಳು ಯಾಕಪ್ಪ ಬಿಟ್ಟೆ?’

‘ರಾತ್ರಿಯೆಲ್ಲ ಕುಣಿದು ಬೆಳಗ್ಗೆ ಕಂಬ ಹತ್ತೋಕಾಗುತ್ತೇನೋ? ಅಷ್ಟೊತ್ತಿಗೆ ನೀನು ಬೇರೆ ಹುಟ್ಟಿದ್ದೆ’ ಅಂದ. ಬೇಜಾರಿನಿಂದಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ನಾನು ಫ್ರಾಂಕಿಯ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದ. ‘ಈ ವಯಸ್ಸಲ್ಲಿ ಸೊಂಟ ಹೆಂಗೆ ಬಗ್ಗುತ್ತೋ’ ಅಂದವನು ಮಾರನೇ ದಿನ ತಾನೇ ಅಟ್ಟ ಹತ್ತಿ ಡೊಳ್ಳು ಇಳಿಸಿದ. ಬಿಸಿಲಿಗಿಟ್ಟು, ಹಗ್ಗ ಬಿಗಿದು, ಅಂಗಳದಲ್ಲಿ ನಾಲ್ಕು ಪೆಟ್ಟು ಹೊಡೆದ. ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಐದನೇ ಪೆಟ್ಟಿಗೆ ಫೋನ್ ಬಂತು, ಎಲ್ಲೋ ಲೈನ್ ಹೋಗಿತ್ತು. ಅಪ್ಪ ಬೈಕ್ ಸ್ಟಾರ್ಟ್ ಮಾಡಿ ತಿರುಗಿ ಹೇಳಿದ, ‘ಅದನ್ನ ಅಟ್ಟಕ್ಕೆ ಹಾಕ್ಬೇಡ ಕಣೋ, ಇಲಿ ಕಡೀತವೆ.’