ಮೈಸೂರಿನ ಆಕಾಶವಾಣಿ: ಏಳಿಗೆ ಮತ್ತು ಮೌನ

ಮೈಸೂರು ನಗರದ ಹೆಬ್ಬಾಳವು ಇಂದು ಕೈಗಾರಿಕೆಗಳ ಬೀಡು. ಕಾರ್ಖಾನೆಗಳ ಸಾಲು, ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ತರಬೇತಿ ಕೇಂದ್ರ, ಅವುಗಳ ಸುತ್ತ ಬೆಳೆದ ಬಡಾವಣೆಗಳು, ಆ ಬಡಾವಣೆಗಳ ಮಾಳಿಗೆಗಳ ಮೇಲೆ ಆಕಾಶಕ್ಕೆ ಮುಖವೊಡ್ಡಿ ನಿಂತ ಡಿಶ್‌ಗಳು—ಇದು ಅಲ್ಲಿಯ ನೋಟ. ಆಕಾಶದಲ್ಲಿ ತೇಲಿಬರುವ ಹಾಡನ್ನು ಹಿಡಿದು ಮನೆಯೊಳಗೆ ಇಳಿಸಿಕೊಳ್ಳುವುದು ಇಂದಿನವರಿಗೆ ಕೌತುಕದ ಸಂಗತಿಯೇ ಅಲ್ಲ. ಆದರೆ ಹೆಬ್ಬಾಳಕ್ಕೆ ಅನತಿದೂರದಲ್ಲಿರುವ ಯಾದವಗಿರಿಯ ಬಳಿ, ಒಬ್ಬ ಪ್ರಾಧ್ಯಾಪಕರ ಮನೆಯಿಂದ, ಇಂಥದೇ ಒಂದು ಸಾಹಸವು 1935ರಷ್ಟು ಹಿಂದೆಯೇ ಮೊದಲಾಗಿದ್ದಿತೆಂಬುದನ್ನು ಬಲ್ಲವರು ವಿರಳ.

ಆ ಪ್ರಾಧ್ಯಾಪಕರೇ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿ ಬಂದು, ಮಹಾರಾಜಾ ಕಾಲೇಜಿನಲ್ಲಿ ಆ ಶಾಸ್ತ್ರದ ಬೋಧನೆಗೆ ತಳಹದಿ ಹಾಕಿದ ವಿದ್ವಾಂಸರು. ಮನುಷ್ಯನ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಹೊರಟ ಈ ಮಹನೀಯರಿಗೆ ಆ ಮನಸ್ಸನ್ನು ದೂರದಿಂದಲೇ ತಟ್ಟಬಲ್ಲ ಬಾನುಲಿಯ ಮೇಲೆ ಒಲವು ಮೂಡಿದುದು ಸಹಜವೇ. 1935ನೆಯ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ 'ವಿಠ್ಠಲ ವಿಹಾರ'ದಲ್ಲಿ ಅವರು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಪ್ರೇಷಕಯಂತ್ರದ ಶಕ್ತಿ ಕೇವಲ 30 ವಾಟ್! ಅಂದಿನ ಓದುವ ಕೋಣೆಯ ಸಾಮಾನ್ಯ ವಿದ್ಯುದ್ದೀಪವು ಉರಿಯಲು ಬೇಕಾಗುತ್ತಿದ್ದ ಶಕ್ತಿಗಿಂತಲೂ ಕಡಮೆ. ಅಷ್ಟರಲ್ಲಿಯೇ ನಗರದ ಹಾಡೂ ಮಾತೂ ಗಾಳಿಯನ್ನೇರಿದುವು. ಮುಂದೆ 250 ವಾಟ್‌ಗಳ ಯಂತ್ರ ಬಂದಿತು. ದನಿ ಇನ್ನಷ್ಟು ದೂರ ಹಬ್ಬಿತು.

ಈ ಪ್ರಸಾರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಭಾರತ ಸರಕಾರದ ಪ್ರಸಾರ ಸಂಸ್ಥೆಯು 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರನ್ನು ಪಡೆದುದು 1936ರ ಜೂನ್ ತಿಂಗಳಿನಲ್ಲಿ. ಅದಕ್ಕೆ ಸುಮಾರು ಒಂಬತ್ತು ತಿಂಗಳು ಮೊದಲೇ ಮೈಸೂರಿನ ಈ ಪುಟ್ಟ ನಿಲಯವು ಪ್ರಸಾರವನ್ನು ಆರಂಭಿಸಿದ್ದಿತು. ಮುಂದೆ ಅದೇ ಹೆಸರು ಇಡೀ ರಾಷ್ಟ್ರದ ಬಾನುಲಿಗೆ ಹೆಸರಾಯಿತು.

ಅಂದಿನ ಮೈಸೂರು ಎಂಥದೆಂಬುದನ್ನು ನೆನೆದರೆ ಈ ಸಾಹಸದ ಮಹತ್ತ್ವ ತಿಳಿದೀತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವು ಸಂಗೀತ ವಿದ್ವಾಂಸರಿಗೆ ತವರಾಗಿದ್ದಿತು. ಮೈಸೂರು ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು ನಡೆದಾಡಿದ ಊರು ಅದು. ಆದರೆ ದರ್ಬಾರಿನ ಗಾನವು ದರ್ಬಾರಿಗೆ ಕರೆಬಂದವರಿಗೆ ಮಾತ್ರ. ಸಭೆಯ ಕಚೇರಿಯು ಸಭೆಗೆ ಹೋಗಬಲ್ಲವರಿಗೆ ಮಾತ್ರ. ಬಾನುಲಿಗೆ ಬಾಗಿಲು ಕಾಯುವವನಿರಲಿಲ್ಲ. ರೇಡಿಯೋ ಪೆಟ್ಟಿಗೆಯೊಂದಿದ್ದ ಮನೆಯ ಜಗುಲಿಯಲ್ಲಿ ನೆರೆಹೊರೆಯವರೆಲ್ಲ ಕುಳಿತು ಕೇಳಬಹುದಾಗಿದ್ದಿತು.

ಕೇಳುಗನಿಗೆ ಬಾಗಿಲು ತೆರೆದಿಡುವುದು ಸುಲಭ. ದೀಪಕ್ಕೆ ಎಣ್ಣೆ ಎರೆಯುವವರು ಯಾರು ಎಂಬುದೇ ಕಠಿನವಾದ ಪ್ರಶ್ನೆ. 1927ರ ಜುಲೈ 23ರಂದು ಮುಂಬಯಿಯಲ್ಲಿ ವಿಜೃಂಭಣೆಯಿಂದ ಆರಂಭವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯು ಮೂರು ವರ್ಷ ತುಂಬುವ ಮೊದಲೇ, 1930ರಲ್ಲಿ, ದಿವಾಳಿಯೆದ್ದಿದ್ದಿತು. ಬಂಡವಾಳವಿದ್ದ ಕಂಪೆನಿಯ ಗತಿಯೇ ಹಾಗಾದ ಮೇಲೆ ಒಬ್ಬ ಅಧ್ಯಾಪಕರು ಎಷ್ಟು ಕಾಲ ಹೊರೆ ಹೊತ್ತಾರು? 1941ರಲ್ಲಿ ನಿಲಯವನ್ನು ಮೈಸೂರು ಪುರಸಭೆಯು ವಹಿಸಿಕೊಂಡಿತು. 1942ರಲ್ಲಿ ಅದು ಸಂಸ್ಥಾನದ ಸರಕಾರದ ಕೈಸೇರಿತು. ಹಾಸ್ಯಸಾಹಿತಿ ನಾ. ಕಸ್ತೂರಿಯವರೂ ಈ ನಿಲಯದ ಸೇವೆಯಲ್ಲಿದ್ದರು. ಅಲ್ಲಿಂದ ಕೆಲವು ವರ್ಷ ನಿಲಯಕ್ಕೆ ರಾಜಾಶ್ರಯ ದೊರೆಯಿತು.

ರಾಜಾಶ್ರಯವೆಂದರೆ ಏನೆಂಬುದಕ್ಕೆ ಜಯಚಾಮರಾಜ ಒಡೆಯರೇ ನಿದರ್ಶನ. ರಷ್ಯಾ ದೇಶದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರನು ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವನ ಕೃತಿಗಳನ್ನು ಧ್ವನಿಮುದ್ರಿಸಲು ಹಣವೊದಗಿಸಿದವರು ಈ ಮೈಸೂರಿನ ಅರಸರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು. ಆದರೆ ಆಶ್ರಯವೆಂಬುದು ಆಶ್ರಯದಾತನ ಅಧಿಕಾರವಿರುವವರೆಗೆ ಮಾತ್ರವಷ್ಟೆ. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ, 1950ರಲ್ಲಿ, ನಿಲಯವು ಆಲ್ ಇಂಡಿಯಾ ರೇಡಿಯೋಗೆ ಸೇರಿತು.

ಊರಿನ ಸ್ವತ್ತು ರಾಷ್ಟ್ರದ ಸ್ವತ್ತಾಯಿತೆಂದು ಹಿಗ್ಗುವುದಕ್ಕೆ ಕಾರಣವಿದ್ದಿತು. ಆದರೆ ನಿಲಯ ಎಲ್ಲಿರಬೇಕೆಂಬ ನಿರ್ಧಾರವೂ ಆಗ ಊರಿನ ಕೈಬಿಟ್ಟು ಹೋಯಿತು. 1955ನೆಯ ನವೆಂಬರ್ 2ರಂದು ಬೆಂಗಳೂರಿನಲ್ಲಿ ಬಾನುಲಿ ನಿಲಯ ಆರಂಭವಾಯಿತು; ಮೈಸೂರಿನ ನಿಲಯ ಅಲ್ಲಿಗೆ ವರ್ಗವಾಗಿ ಹೋಯಿತು. ರಾಜಧಾನಿಗೆ ದೊಡ್ಡ ನಿಲಯ ಬೇಕೆಂಬುದು ನ್ಯಾಯವಾದ ಮಾತೇ. ಆದರೂ ಆಕಾಶವಾಣಿ ಎಂಬ ಹೆಸರಿಟ್ಟು ಪ್ರಸಾರ ಮಾಡಿದ ಊರಿಗೇ ತನ್ನದೆಂಬ ವಾಣಿ ಇಲ್ಲವಾಯಿತು. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಮತ್ತೆ ಬಾನುಲಿ ನಿಲಯ ದನಿಗೂಡಿದುದು 1974ನೆಯ ನವೆಂಬರ್ 14ರಂದು. ನಡುವೆ ಕಳೆದುದು ಹತ್ತೊಂಬತ್ತು ವರ್ಷ—ಒಂದು ಮಗು ಹುಟ್ಟಿ, ಬೆಳೆದು, ಕಾಲೇಜಿನ ಮೆಟ್ಟಿಲೇರುವಷ್ಟು ಕಾಲ!

ಈ ಕಥೆ ಹಳೆಯದೆಂದು ತಳ್ಳಿಹಾಕುವಂತಿಲ್ಲ. ಇಂದು ಮಾಳಿಗೆಯ ಡಿಶ್‌ಗೆ ಉಚಿತವಾಗಿ ಇಳಿಯುವ ಸಂಗೀತವಾಹಿನಿಗಳ ಹಣೆಬರಹವೂ ಇದೇ. ಅವು ನೋಡುಗನಿಂದ ಕಾಸು ಕೇಳುವುದಿಲ್ಲ. ಜಾಹೀರಾತುದಾರನ ಹಣವೇ ಅವುಗಳ ಅನ್ನ. ಆ ಹಣದಲ್ಲಿ ಉಪಗ್ರಹದ ಬಾಡಿಗೆ, ಹಾಡಿನ ಹಕ್ಕಿನ ಬೆಲೆ, ಸಿಬ್ಬಂದಿಯ ಸಂಬಳ ಎಲ್ಲವೂ ಹುಟ್ಟಬೇಕು. ದೂರದರ್ಶನದ ಉಚಿತ ಡಿಶ್ ಸೇವೆ 2004ರಲ್ಲಿ ಆರಂಭವಾಯಿತು. ಅದರಲ್ಲಿ ಸ್ಥಾನ ಪಡೆಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ಕೂಗಬೇಕು. ಇತ್ತ ಬೇಕಾದ ಹಾಡು ಬೇಕಾದ ಕ್ಷಣದಲ್ಲಿ ಕೈಯಲ್ಲಿರುವ ಫೋನಿನಲ್ಲಿಯೇ ದೊರೆಯುವಾಗ, ವಾಹಿನಿ ಕೊಟ್ಟ ಹಾಡಿಗಾಗಿ ಕಾದು ಕೂರುವವರಾರು? ನೋಡುಗ ಎದ್ದುಹೋದರೆ ಜಾಹೀರಾತುದಾರನೂ ಏಳುತ್ತಾನೆ. 1994ರಲ್ಲಿ ಬಂದು ಒಂದು ಪೀಳಿಗೆಯ ತರುಣರನ್ನು ಮರುಳುಗೊಳಿಸಿದ ಚಾನೆಲ್ ವಿ, ಮಧ್ಯೆ ಸಂಗೀತವನ್ನು ಬಿಟ್ಟು ಧಾರಾವಾಹಿಗಳನ್ನು ಹಿಡಿದು, ಪುನಃ ಸಂಗೀತಕ್ಕೆ ಮರಳಿಯೂ ಉಳಿಯದೆ, 2018ರಲ್ಲಿ ಭಾರತದಲ್ಲಿ ಕಣ್ಮುಚ್ಚಿತು.

ಪ್ರಾಧ್ಯಾಪಕರ ಜೇಬು, ಪುರಸಭೆಯ ಬೊಕ್ಕಸ, ಅರಸರ ಖಜಾನೆ, ಕೇಂದ್ರದ ಅನುದಾನ, ವ್ಯಾಪಾರಿಯ ಜಾಹೀರಾತು—ಕೇಳುಗನು ಬಿಟ್ಟಿಯೆಂದು ಬಗೆದ ಪ್ರತಿಯೊಂದು ಹಾಡಿಗೂ ಯಾರೋ ಬೆಲೆ ತೆತ್ತಿರುತ್ತಾರೆ. ತೆರುವವನೇ ಅದರ ಅಳಿವು ಉಳಿವುಗಳ ಯಜಮಾನನೂ ಆಗುತ್ತಾನೆ. ಯಾದವಗಿರಿಯ ನಿಲಯವು ಇಂದಿಗೂ 100.6 ಎಫ್‌ಎಂನಲ್ಲಿ ನುಡಿಯುತ್ತಿದೆ. ಅದಕ್ಕೆ ಕೇಳುಗನು ಕೊಡಬೇಕಾದ ಬೆಲೆ ಒಂದೇ: ಕಿವಿ. ಅದನ್ನು ಕೊಡುವವರಿರುವಷ್ಟು ಕಾಲ, ನಿಲಯವನ್ನು ಮುಚ್ಚುವ ಮಾತೆತ್ತಲು ಯಾವ ಯಜಮಾನನೂ ಎರಡು ಬಾರಿ ಯೋಚಿಸಬೇಕಾದೀತು.